ಕಡಲ ಅಟ್ಟಣೆಗೆ ಹಸಿರು ಬಣ್ಣ

ಈಚೆಗೆ ನಮ್ಮ ತಾಲ್ಲೂಕಿನ ಕಾಲೇಜೊಂದರಲ್ಲಿ ಶಕ್ತಿಮೂಲಗಳ ಕುರಿತು ಮಾತನಾಡಲು ಹೋಗಿದ್ದೆ. ಮಾತು ಮುಗಿದ ಬಳಿಕ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಮುದ್ರದ ನಡುವೆ ಎಣ್ಣೆ ಬತ್ತಿದ ಬಾವಿಗಳು ಸಾವಿರಾರು ಇವೆಯಂತೆ. ಅವುಗಳ ತಳದಲ್ಲಿ ನೀರು ಕುದಿಯುವಷ್ಟು ಬಿಸಿ ಇದೆಯಂತೆ. ಆ ಬಿಸಿಯಿಂದಲೇ ವಿದ್ಯುತ್ ತೆಗೆದರೆ ನಮ್ಮ ಕಾಡಿನಲ್ಲಿ ಇನ್ನೊಂದು ಯೋಜನೆ ಬೇಕಾಗುವುದಿಲ್ಲ ಅಲ್ಲವೇ?"

ಪ್ರಶ್ನೆಯ ಹಿಂದಿನ ಆಸೆ ನನಗೆ ಅರ್ಥವಾಯಿತು. ಒಂದೊಂದು ಯೋಜನೆಗೂ ಒಂದೊಂದು ಕಣಿವೆಯನ್ನು ಕೊಟ್ಟು ದಣಿದ ಸೀಮೆಯ ಹುಡುಗಿ ಆಕೆ. ಬೇರೆಲ್ಲೋ, ಯಾರಿಗೂ ಬೇಡವಾದ ಬಾವಿಯಿಂದ ಬೆಳಕು ಬರುವುದಾದರೆ ಅದಕ್ಕಿಂತ ಸಮಾಧಾನ ಬೇರೇನಿದೆ? ಆದರೆ ಇದು ಹೌದು, ಅಲ್ಲ ಎಂಬ ಒಂದು ಮಾತಿನಲ್ಲಿ ಮುಗಿಯುವ ಉತ್ತರವಲ್ಲ. ಅಂದು ಅರ್ಧ ಹೇಳಿ ಬಂದೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕೃಷಿ ವಿಜ್ಞಾನ ಓದಿದವನು, ತೈಲ ನನ್ನ ಕ್ಷೇತ್ರವಲ್ಲ. ಆದರೂ ಶಾಖದ ಲೆಕ್ಕ ಎಲ್ಲೆಡೆಯೂ ಒಂದೇ. ಅಡಕೆ ಬೇಯಿಸುವ ಹಂಡೆಗೂ ಉತ್ತರ ಸಮುದ್ರದ ಬಾವಿಗೂ ನಿಯಮ ಬೇರೆಯಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಬಾವಿಯ ತಳದ ಶಾಖ ಸುಳ್ಳಲ್ಲ, ಅದನ್ನು ಬಳಸುವುದು ತಪ್ಪೂ ಅಲ್ಲ. ಆದರೆ ಕಡಲ ನಡುವಿನ ಮುದಿ ಅಟ್ಟಣೆಯಿಂದ ಸಿಗುವ ಲಾಭ ಚಿಕ್ಕದು. ಅದನ್ನು ಕಳಚಿ, ಬಾವಿಗಳನ್ನು ಭದ್ರವಾಗಿ ಮುಚ್ಚಿ, ಕಡಲನ್ನು ಮೊದಲಿನಂತೆ ಬಿಟ್ಟುಕೊಡಬೇಕಾದ ಹೊಣೆ ದೊಡ್ಡದು. ಚಿಕ್ಕ ಲಾಭದ ಹೆಸರಿನಲ್ಲಿ ದೊಡ್ಡ ಹೊಣೆ ಮರೆಯಾಗಬಾರದು.

ಕಡಲೊಳಗಿನ ಮಾಳ

ಗದ್ದೆಗೆ ನುಗ್ಗುವ ಹಂದಿಯನ್ನು ಕಾಯಲು ನಾವು ನಾಲ್ಕು ಕಂಬ ನೆಟ್ಟು ಮಾಳ ಕಟ್ಟುತ್ತೇವೆ. ಸಮುದ್ರದ ತೈಲ ಅಟ್ಟಣೆಯ ರೂಪವೂ ಮೂಲತಃ ಅದೇ. ಕಡಲ ತಳಕ್ಕೆ ಊರಿದ ಉಕ್ಕಿನ ಅಥವಾ ಕಾಂಕ್ರೀಟಿನ ಕಾಲುಗಳು. ನೀರಿನ ಮೇಲೆ ಹಲವು ಅಂತಸ್ತುಗಳ ಕಟ್ಟೋಣ. ಕೊರೆಯುವ ಯಂತ್ರ, ತೈಲ, ಅನಿಲ ಮತ್ತು ನೀರನ್ನು ಬೇರ್ಪಡಿಸುವ ತೊಟ್ಟಿಗಳು, ಕೆಲಸಗಾರರ ವಸತಿ, ಹೆಲಿಕಾಪ್ಟರ್ ಇಳಿಯುವ ಜಾಗ ಎಲ್ಲವೂ ಅದರ ಮೇಲೆಯೇ. ಕೆಳಗೆ ನೆಲದೊಳಕ್ಕೆ ಎರಡು, ಮೂರು ಕಿಲೋಮೀಟರ್ ಇಳಿಯುವ ಹತ್ತಾರು ಬಾವಿಗಳು.

ಬ್ರಿಟನ್ನಿನ ಶೆಟ್‌ಲ್ಯಾಂಡ್ ದ್ವೀಪಗಳಿಂದಾಚೆ ಉತ್ತರ ಸಮುದ್ರದಲ್ಲಿರುವ ಬ್ರೆಂಟ್ ಕ್ಷೇತ್ರ 1971ರಲ್ಲಿ ಪತ್ತೆಯಾಗಿ 1976ರಲ್ಲಿ ತೈಲ ಕೊಡತೊಡಗಿತು. ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಕಚ್ಚಾತೈಲದ ಬೆಲೆಯೊಂದಿಗೆ ನಾವು ಓದುವ 'ಬ್ರೆಂಟ್' ಎಂಬ ಹೆಸರು ಅಲ್ಲಿಯದೇ. ಆಲ್ಫಾ, ಬ್ರಾವೊ, ಚಾರ್ಲಿ, ಡೆಲ್ಟಾ ಎಂಬ ನಾಲ್ಕು ಅಟ್ಟಣೆಗಳು ನಾಲ್ಕು ದಶಕ ದುಡಿದು ಮುದಿಯಾದವು. 2017ರಲ್ಲಿ ಡೆಲ್ಟಾದ ಮೇಲ್ಭಾಗವನ್ನು, ಸುಮಾರು 24,000 ಟನ್ ತೂಕದ ಇಡೀ ಕಟ್ಟೋಣವನ್ನು, ಒಂದು ದೈತ್ಯ ಹಡಗು ಒಂದೇ ಏಟಿಗೆ ಎತ್ತಿ ದಡಕ್ಕೆ ಒಯ್ದಿತು. ಕೊನೆಯದಾದ ಚಾರ್ಲಿಯ ಮೇಲ್ಭಾಗ 2024ರಲ್ಲಿ ದಡ ಸೇರಿತು. ಅವುಗಳ ಉಕ್ಕಿನ ಬಹುಪಾಲು ಕರಗಿ ಮತ್ತೆ ಬಳಕೆಗೆ ಬರುತ್ತದೆ. ಹಳೆಯ ಅಟ್ಟಣೆಯನ್ನು ಕಳಚುವುದೆಂದರೆ ಎಸೆಯುವುದಲ್ಲ. ಕಳಚುವುದೂ ಒಂದು ಮರುಬಳಕೆಯೇ ಎಂಬುದನ್ನು ಇಲ್ಲಿಯೇ ಗುರುತು ಹಾಕಿಕೊಳ್ಳೋಣ.

1995ರ ಎರಡು ಪಾಠಗಳು

ಹೀಗೆ ದಡಕ್ಕೆ ತರಲೇಬೇಕೆಂಬ ನಿಯಮ ಮೊದಲಿನಿಂದ ಇದ್ದುದಲ್ಲ. ಅದು ಚಳವಳಿಯೊಂದರ ಫಲ. ಬ್ರೆಂಟ್ ಕ್ಷೇತ್ರದಲ್ಲಿ ತೈಲ ತುಂಬಿಡಲು ಬಳಸುತ್ತಿದ್ದ 'ಬ್ರೆಂಟ್ ಸ್ಪಾರ್' ಎಂಬ ತೇಲುವ ತೊಟ್ಟಿಯನ್ನು ಅಟ್ಲಾಂಟಿಕ್ ಸಾಗರದ ಆಳದಲ್ಲಿ ಮುಳುಗಿಸಲು ಶೆಲ್ ಕಂಪನಿ ಹೊರಟಿತ್ತು. ಬ್ರಿಟಿಷ್ ಸರ್ಕಾರದ ಒಪ್ಪಿಗೆಯೂ ದೊರೆತಿತ್ತು. 1995ರ ಏಪ್ರಿಲ್ ಕೊನೆಯಲ್ಲಿ ಗ್ರೀನ್‌ಪೀಸ್ ಕಾರ್ಯಕರ್ತರು ಆ ತೊಟ್ಟಿಯನ್ನು ಹತ್ತಿ ಕುಳಿತರು. ಜರ್ಮನಿಯಲ್ಲಿ ಜನ ಆ ಕಂಪನಿಯ ಪೆಟ್ರೋಲ್ ಬಂಕುಗಳಿಗೆ ಹೋಗುವುದನ್ನು ಬಿಟ್ಟರು. ಜೂನ್ 20ರಂದು ಕಂಪನಿ ಹಿಂದೆ ಸರಿಯಿತು. ತೊಟ್ಟಿಯನ್ನು ನಾರ್ವೆಗೆ ಎಳೆದೊಯ್ದು ಕತ್ತರಿಸಿ, ಅದರ ಭಾಗಗಳನ್ನು ಸ್ಟಾವಂಗರ್ ಬಳಿಯ ಹಡಗುಕಟ್ಟೆಯೊಂದರ ತಳಪಾಯಕ್ಕೆ ಬಳಸಿದರು. 1998ರಲ್ಲಿ ಈಶಾನ್ಯ ಅಟ್ಲಾಂಟಿಕ್ ತೀರದ ದೇಶಗಳು 'ಓಸ್ಪಾರ್' ಒಪ್ಪಂದದಡಿ ಒಂದು ತೀರ್ಮಾನಕ್ಕೆ ಬಂದವು: ಕೆಲಸ ಮುಗಿದ ಅಟ್ಟಣೆಯನ್ನು ಕಡಲಿಗೆ ಎಸೆಯುವಂತಿಲ್ಲ, ಇದ್ದಲ್ಲಿಯೇ ಬಿಟ್ಟುಹೋಗುವಂತೆಯೂ ಇಲ್ಲ. ಹತ್ತು ಸಾವಿರ ಟನ್ನಿಗಿಂತ ಭಾರವಾದ ಹಳೆಯ ಉಕ್ಕಿನ ಬುಡಗಳಿಗೆ ಮತ್ತು ಕಾಂಕ್ರೀಟಿನ ಕಾಲುಗಳಿಗೆ ಮಾತ್ರ, ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಪರಿಶೀಲಿಸಿ, ವಿನಾಯಿತಿ ಕೊಡಬಹುದು.

ಇದು ಮೊದಲ ಪಾಠ. ಎರಡನೆಯದು ನಮ್ಮಂಥ ಚಳವಳಿಗಾರರಿಗೆ ಸ್ವಲ್ಪ ಕಹಿಯಾದದ್ದು. ಆ ತೊಟ್ಟಿಯೊಳಗೆ ಉಳಿದಿದ್ದ ತೈಲದ ಪ್ರಮಾಣವನ್ನು ಗ್ರೀನ್‌ಪೀಸ್ ಬಹಳ ಹೆಚ್ಚಾಗಿ ಅಂದಾಜಿಸಿತ್ತು. ಅದೇ ವರ್ಷ ಆ ಸಂಸ್ಥೆ ತಪ್ಪನ್ನು ಒಪ್ಪಿಕೊಂಡು ಕಂಪನಿಯ ಕ್ಷಮೆ ಕೇಳಿತು. ಕಡಲಿಗೆ ಎಸೆಯಬಾರದೆಂಬ ವಾದ ಸರಿಯಾಗಿಯೇ ಇತ್ತು, ಅಂಕಿ ಮಾತ್ರ ತಪ್ಪಾಗಿತ್ತು. ಎದುರಾಳಿಗಳು ಇಂದಿಗೂ ಎತ್ತಿ ತೋರಿಸುವುದು ಆ ಅಂಕಿಯನ್ನೇ. ಆದುದರಿಂದ ಅಟ್ಟಣೆಯ ಶಾಖದ ಪ್ರಶ್ನೆಯಲ್ಲಿಯೂ ಘೋಷಣೆಗಿಂತ ಮೊದಲು ಲೆಕ್ಕ ಮಾಡಬೇಕು.

ಪ್ರಸ್ತಾಪವೇನು?

ಭೂಮಿಯೊಳಕ್ಕೆ ಇಳಿದಂತೆ ಪ್ರತಿ ಕಿಲೋಮೀಟರಿಗೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆ ಏರುತ್ತದೆ. ಮೂರು ಕಿಲೋಮೀಟರ್ ಆಳದ ತೈಲಬಾವಿಯ ತಳದಲ್ಲಿ 100 ಡಿಗ್ರಿಯ ಆಸುಪಾಸಿನ ಬಿಸಿ ಇರುವುದು ಸಹಜ. ಅದನ್ನು ಮೇಲೆ ತರಲು ಎರಡು ದಾರಿಗಳಿವೆ. ಮೊದಲನೆಯದು, ತೈಲದೊಂದಿಗೆ ತಾನಾಗಿ ಬರುವ ಬಿಸಿನೀರನ್ನು ಬಳಸುವುದು. ಮುದಿ ಬಾವಿಯಲ್ಲಿ ತೈಲಕ್ಕಿಂತ ನೀರೇ ಹೆಚ್ಚು ಬರುತ್ತದೆ. ಹತ್ತು ಪಾಲಿನಲ್ಲಿ ಒಂಬತ್ತು ಪಾಲು ನೀರೇ ಆಗಿರುವುದು ವಿಶೇಷವಲ್ಲ. ಎರಡನೆಯದು, ಬಾವಿಯ ತಳವನ್ನು ಮುಚ್ಚಿ, ಕೊಳವೆಯೊಳಗೊಂದು ಕೊಳವೆ ಇಳಿಸಿ, ಹೊರಗಿನದರಲ್ಲಿ ತಣ್ಣೀರು ಇಳಿಬಿಟ್ಟು ಒಳಗಿನದರಲ್ಲಿ ಬಿಸಿನೀರನ್ನು ಮೇಲೆತ್ತುವುದು. ಹೀಗೆ ಬಂದ ಬಿಸಿಯಿಂದ, ನೀರಿಗಿಂತ ಬೇಗ ಕುದಿಯುವ ಒಂದು ದ್ರವವನ್ನು ಆವಿ ಮಾಡಿ, ಆ ಆವಿಯಿಂದ ಟರ್ಬೈನ್ ತಿರುಗಿಸುತ್ತಾರೆ.

ಈ ಯೋಚನೆಯಲ್ಲಿ ಹುರುಳಿಲ್ಲ ಎನ್ನಲಾಗದು. ಭೂಶಾಖ ಯೋಜನೆಗಳಲ್ಲಿ ಅತಿ ದೊಡ್ಡ ಖರ್ಚು ಬಾವಿ ಕೊರೆಯುವುದು. ಇಲ್ಲಿ ಬಾವಿ ಆಗಲೇ ಇದೆ. ಕೊರೆದ ಮೇಲೆ ಬಿಸಿ ಸಿಕ್ಕೀತೋ ಇಲ್ಲವೋ ಎಂಬ ಅನುಮಾನವಿಲ್ಲ. ನೆಲದೊಳಗಿನ ಪದರಗಳ ಉಷ್ಣತೆ, ಒತ್ತಡಗಳ ದಶಕಗಳ ದಾಖಲೆ ಕೈಯಲ್ಲಿದೆ. ಗಾಳಿ, ಬಿಸಿಲುಗಳಂತೆ ಭೂಶಾಖ ಹೊತ್ತು ನೋಡಿ ಬರುವುದಿಲ್ಲ, ಹಗಲು ರಾತ್ರಿ ಒಂದೇ ಸಮ ಇರುತ್ತದೆ. ಬಾವಿ ಕೊರೆಯುವ ಕಸುಬು ಬಲ್ಲ ಸಾವಿರಾರು ಜನರಿಗೆ ತೈಲದ ನಂತರವೂ ಕೆಲಸ ಉಳಿಯುತ್ತದೆ. ಉತ್ತರ ಸಮುದ್ರದಲ್ಲಿ 1983ರಿಂದ ತೈಲ ಕೊಡುತ್ತಿರುವ ಮ್ಯಾಗ್ನಸ್ ಅಟ್ಟಣೆಯ ಬಾವಿಗಳನ್ನು ಹೀಗೆ ಬಳಸಬಹುದೇ ಎಂಬ ಬಗ್ಗೆ ಈಚಿನ ವರ್ಷಗಳಲ್ಲಿ ಸಾಧ್ಯತಾ ಅಧ್ಯಯನವೂ ನಡೆಯಿತು. ಇಷ್ಟನ್ನು ಒಪ್ಪಿಕೊಂಡೇ ಲೆಕ್ಕಕ್ಕೆ ಬರೋಣ.

ಬಚ್ಚಲ ಹಂಡೆಯ ಲೆಕ್ಕ

ಒಂದು ಬಾವಿಯಿಂದ ಸೆಕೆಂಡಿಗೆ 10 ಲೀಟರ್ ನೀರು 100 ಡಿಗ್ರಿ ಬಿಸಿಯಲ್ಲಿ ಬರುತ್ತದೆಂದು ಭಾವಿಸಿ. ಅದನ್ನು 50 ಡಿಗ್ರಿಯವರೆಗೆ ತಣಿಸಿದರೆ ದೊರೆಯುವ ಶಾಖ ಸುಮಾರು 2,100 ಕಿಲೊವ್ಯಾಟ್. ಕೇಳಲು ದೊಡ್ಡದು. ಆದರೆ ಇಷ್ಟು ಮಂದವಾದ ಬಿಸಿಯಲ್ಲಿ ವಿದ್ಯುತ್ತಾಗಿ ಮಾರ್ಪಡುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಅಂದರೆ 200 ಕಿಲೊವ್ಯಾಟ್. ಅದರಲ್ಲಿ ಪಂಪುಗಳ ಪಾಲು ಕಳೆಯಬೇಕು. ಹತ್ತು ಬಾವಿಗಳನ್ನು ಸೇರಿಸಿದರೂ ಒಂದು ಅಟ್ಟಣೆಯಿಂದ ಬರುವುದು ಎರಡು ಮೆಗಾವ್ಯಾಟಿನೊಳಗೆ. ತಳ ಮುಚ್ಚಿದ ಬಾವಿಯ ಎರಡನೆಯ ವಿಧಾನದಲ್ಲಿ ಇಷ್ಟೂ ಸಿಗುವುದಿಲ್ಲ. ಬಂಡೆ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಕೊಳವೆಯ ಸುತ್ತಲಿನ ಕಲ್ಲು ಬೇಗ ತಣಿದು, ದೂರದ ಬಿಸಿ ಬರುವವರೆಗೆ ಕಾಯಬೇಕಾಗುತ್ತದೆ.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ಅಮೆರಿಕದ ವಯೋಮಿಂಗ್ ರಾಜ್ಯದ ಟೀಪಾಟ್ ಡೋಮ್ ತೈಲಕ್ಷೇತ್ರದಲ್ಲಿ, ಕಡಲಲ್ಲಲ್ಲ ನೆಲದ ಮೇಲೆಯೇ, ತೈಲದೊಂದಿಗೆ ಬರುವ ಬಿಸಿನೀರಿನಿಂದ ವಿದ್ಯುತ್ ತೆಗೆಯುವ ಘಟಕವನ್ನು 2008ರಲ್ಲಿ ನಿಲ್ಲಿಸಿ ಪರೀಕ್ಷಿಸಿದರು. ಅದರ ಸಾಮರ್ಥ್ಯ 250 ಕಿಲೊವ್ಯಾಟ್. ಯಂತ್ರ ಕೆಲಸ ಮಾಡಿತು. ಆದರೆ ಅಳತೆ ನೋಡಿ.

ಈಗ ತೈಲದೊಂದಿಗೆ ಹೋಲಿಸೋಣ. ದಿನಕ್ಕೆ ಸಾವಿರ ಬ್ಯಾರಲ್ ಕೊಡುವ ಬಾವಿಯೆಂದರೆ ಸೆಕೆಂಡಿಗೆ ಎರಡು ಲೀಟರಿಗಿಂತ ಕಡಿಮೆ ತೈಲ. ಆ ತೈಲ ಉರಿದರೆ ಸಿಗುವ ಶಾಖ ಸುಮಾರು 70 ಮೆಗಾವ್ಯಾಟ್. ಅದೇ ಬಾವಿಯಿಂದ ಐದು ಪಟ್ಟು ಹೆಚ್ಚು ನೀರೆತ್ತಿದರೂ ಬರುವ ಶಾಖ ಎರಡು ಮೆಗಾವ್ಯಾಟ್ ಚಿಲ್ಲರೆ. ಮೂವತ್ತು ಪಟ್ಟಿಗೂ ಮಿಕ್ಕಿದ ಅಂತರವಿದು. ಸಾವಿರಾರು ಟನ್ ಉಕ್ಕಿನ ಅಟ್ಟಣೆ, ಹೆಲಿಕಾಪ್ಟರು, ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಸದಾ ಬಳಿಯಬೇಕಾದ ಬಣ್ಣ, ದಡದವರೆಗೆ ತಂತಿ, ಇವೆಲ್ಲ ಆ ತೈಲದ ಆದಾಯಕ್ಕೆ ಅಳೆದು ಮಾಡಿದ ವ್ಯವಸ್ಥೆ. ಆನೆಗೆ ಕಟ್ಟಿದ ಲಾಯದಲ್ಲಿ ಆಡು ಸಾಕಿದಂತಾಗುತ್ತದೆ.

ನಮ್ಮ ಮನೆಯ ಬಚ್ಚಲ ಹಂಡೆಯನ್ನು ನೆನೆಯಿರಿ. ಒಂದು ಹಂಡೆ ಕಾದ ನೀರಿನಲ್ಲಿ ಇರುವ ಶಾಖ ಕಡಿಮೆಯದಲ್ಲ. ಆದರೆ ಆ ನೀರಿನಿಂದ ದೀಪ ಹಚ್ಚಲು ಹೊರಟರೆ ಹತ್ತರಲ್ಲಿ ಒಂಬತ್ತು ಪಾಲು ಪೋಲು. ಅದರಿಂದ ಮಿಂದರೆ ಪೂರ್ತಿ ಸಾರ್ಥಕ. ಮಂದವಾದ ಬಿಸಿ ಬಿಸಿಯಾಗಿಯೇ ಬಳಕೆಯಾಗಬೇಕು, ಅದೂ ಒಲೆಯ ಹತ್ತಿರದಲ್ಲಿಯೇ. ನೆದರ್‌ಲೆಂಡ್ಸ್‌ನ ಬ್ಲೈಸ್‌ವೈಕ್‌ನಲ್ಲಿ 2007ರಿಂದ ಟೊಮೆಟೊ ಬೆಳೆಯುವ ಗಾಜಿನ ಮನೆಗಳನ್ನು ನೆಲದಾಳದಿಂದ ಬರುವ 60 ಡಿಗ್ರಿಯ ಆಸುಪಾಸಿನ ನೀರಿನಿಂದ ಬೆಚ್ಚಗಿಡುತ್ತಿದ್ದಾರೆ. ಐಸ್‌ಲ್ಯಾಂಡಿನಲ್ಲಿ ಹತ್ತರಲ್ಲಿ ಒಂಬತ್ತು ಮನೆಗಳಿಗೆ ಚಳಿ ಕಳೆಯುವುದು ಭೂಶಾಖವೇ. ಏಲಕ್ಕಿ ಒಣಗಿಸಲು 50 ಡಿಗ್ರಿಯ ಆಸುಪಾಸಿನ ಬಿಸಿ ಸಾಕೆಂಬುದು ನಮ್ಮ ಬೆಳೆಗಾರರಿಗೆಲ್ಲ ಗೊತ್ತು. ಅಂಥ ಬಿಸಿಗೆ ಯಾವ ಟರ್ಬೈನೂ ಬೇಡ. ಇವೆಲ್ಲ ನಡೆಯುವುದು ಶಾಖದ ಪಕ್ಕದಲ್ಲಿಯೇ ಅದನ್ನು ಬೇಡುವವರು ಇರುವುದರಿಂದ. ದಡದಿಂದ ನೂರೈವತ್ತು ಕಿಲೋಮೀಟರ್ ದೂರದ ಅಟ್ಟಣೆಗೆ ನೆರೆಹೊರೆಯೇ ಇಲ್ಲ. ಹಳೆಯ ಬಾವಿಗಳಿಂದ ಶಾಖ ಪಡೆಯುವ ಪ್ರಯತ್ನ ಊರುಗಳ ಬದಿಯ ನೆಲದ ಬಾವಿಗಳಲ್ಲಿ ನಡೆಯಲಿ. ಅಲ್ಲಿ ಅದಕ್ಕೆ ಅರ್ಥವಿದೆ.

ಹಾಗಾದರೆ ಅಟ್ಟಣೆಯ ಶಾಖವನ್ನು ಅಟ್ಟಣೆಯೇ ಬಳಸಿಕೊಳ್ಳಲಿ ಎನ್ನುವವರಿದ್ದಾರೆ. ಅಲ್ಲಿನ ಪಂಪು, ದೀಪಗಳಿಗೆ ಈಗ ಅನಿಲ ಉರಿಸುತ್ತಾರೆ. ಅದರ ಬದಲು ಭೂಶಾಖ ಬಳಸಿದರೆ ಹೊಗೆ ಕಡಿಮೆಯಾಗುತ್ತದೆ. ಲೆಕ್ಕಕ್ಕೆ ಕೂಡುವ ವಾದ ಇದೊಂದೇ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಹೀಗೆ ಉಳಿಸಿದ ಅನಿಲ ದಡಕ್ಕೆ ಹೋಗಿ ಬೇರೆಲ್ಲೋ ಉರಿಯುತ್ತದೆ. ಖರ್ಚು ತಗ್ಗಿದ ಅಟ್ಟಣೆ ಇನ್ನಷ್ಟು ವರ್ಷ ತೈಲ ಎತ್ತುತ್ತದೆ. ಹಸಿರು ಶಾಖದ ಬಲದಿಂದ ಕಪ್ಪು ತೈಲ ತೆಗೆಯುವುದನ್ನು ಮರುಬಳಕೆ ಎಂದು ಕರೆಯುವುದು ಮಾತಿಗೆ ಮಾಡುವ ಮೋಸ.

ಮುದಿ ಬಾವಿಯ ಆರೋಗ್ಯ

ಕೊಳವೆಬಾವಿ ಕೊರೆಸಿದವರಿಗೆ ಕೇಸಿಂಗ್ ಪೈಪಿನ ಮಹತ್ವ ಗೊತ್ತು. ತೈಲಬಾವಿಯಲ್ಲಿ ಅಂಥ ಉಕ್ಕಿನ ಕೊಳವೆಗಳು ಒಂದರೊಳಗೊಂದು ಇರುತ್ತವೆ. ಕೊಳವೆಗೂ ಬಂಡೆಗೂ ನಡುವೆ ಸಿಮೆಂಟು ತುಂಬಿರುತ್ತದೆ. ಇಪ್ಪತ್ತು, ಮೂವತ್ತು ವರ್ಷ ಬಿಸಿ, ಉಪ್ಪು, ಗಂಧಕದ ಅನಿಲಗಳ ನಡುವೆ ನಿಂತ ಕೊಳವೆ ಸವೆಯುತ್ತದೆ, ಸಿಮೆಂಟು ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಮೇಲೇರುವ ಮೀಥೇನ್ ಅನಿಲ, ವಾತಾವರಣವನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಜೋರು. ಆದುದರಿಂದಲೇ ಕೆಲಸ ಮುಗಿದ ಬಾವಿಯನ್ನು ತಳದಿಂದ ಸಿಮೆಂಟು ಜಡಿದು ಮುಚ್ಚಬೇಕೆಂಬ ನಿಯಮ. ಶಾಖಕ್ಕಾಗಿ ಇನ್ನೂ ಇಪ್ಪತ್ತು ವರ್ಷ ತೆರೆದಿಟ್ಟರೆ ಆ ಸವೆತಕ್ಕೆ ಇನ್ನೂ ಇಪ್ಪತ್ತು ವರ್ಷ ಸೇರುತ್ತದೆ. ಇದರ ಮೇಲೆ, ತೈಲಬಾವಿಗಳ ಬಾಯಿ ಕಿರಿದು. ಹೆಚ್ಚು ನೀರು ಹರಿಸಬೇಕಾದ ಭೂಶಾಖಕ್ಕೆ ಅಗಲವಾದ ಬಾವಿ ಬೇಕು.

ಅಟ್ಟಣೆಯ ಮೇಲೆ ಇರುವವರೂ ಮನುಷ್ಯರೇ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಅಟ್ಟಣೆ ಸಿಡಿದು 167 ಜನ ಸತ್ತರು. ನಮ್ಮದೇ ಮುಂಬೈ ಹೈ ಕ್ಷೇತ್ರದಲ್ಲಿ 2005ರ ಜುಲೈ 27ರಂದು ನೌಕೆಯೊಂದು ಬಡಿದು ಅಟ್ಟಣೆ ಹೊತ್ತಿ ಉರಿದಾಗ 22 ಜೀವಗಳು ಹೋದವು. ಎರಡು ಮೆಗಾವ್ಯಾಟಿಗಾಗಿ ಮುದಿ ಕಟ್ಟೋಣದ ಮೇಲೆ ಜನರನ್ನು ದಶಕಗಳ ಕಾಲ ನಿಲ್ಲಿಸಬಹುದೇ ಎಂಬುದು ಲೆಕ್ಕಪುಸ್ತಕದಲ್ಲಿ ಬಾರದ ಪ್ರಶ್ನೆ.

ಹಣ ಯಾರದು?

ಇಷ್ಟು ಚಿಕ್ಕ ಲಾಭಕ್ಕೆ ಇಷ್ಟು ಉತ್ಸಾಹ ಏಕೆ? ಉತ್ತರ ಇರುವುದು ಶಾಖದಲ್ಲಲ್ಲ, ತೆರವಿನ ಖರ್ಚಿನಲ್ಲಿ. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2019ರಲ್ಲಿ ಕೊಟ್ಟ ವರದಿಯ ಪ್ರಕಾರ, ಆ ದೇಶದ ಕಡಲ ಅಟ್ಟಣೆ, ಬಾವಿ, ಕೊಳವೆಮಾರ್ಗಗಳ ತೆರವಿಗೆ ತಗಲುವ ಅಂದಾಜು 4,500 ಕೋಟಿಯಿಂದ 7,700 ಕೋಟಿ ಪೌಂಡ್. ತೆರಿಗೆ ರಿಯಾಯಿತಿ ಮತ್ತು ಮರುಪಾವತಿಗಳ ರೂಪದಲ್ಲಿ ಅದರಲ್ಲಿ 2,400 ಕೋಟಿ ಪೌಂಡ್ ಸರ್ಕಾರದ ಮೇಲೆ, ಎಂದರೆ ಜನರ ಮೇಲೆ, ಬೀಳುತ್ತದೆ. ಲಾಭ ಹಂಚಿಕೆಯಾಗಿ ಮುಗಿದಿದೆ. ಈಗ ಉಳಿದಿರುವುದು ತೊಳೆಯಬೇಕಾದ ಪಾತ್ರೆ.

ಇಂಥ ಖರ್ಚನ್ನು ಒಂದು ವರ್ಷ ಮುಂದೂಡಿದರೂ ಕಂಪನಿಗೆ ಲಾಭ. ಅಮೆರಿಕದ ಮೆಕ್ಸಿಕೊ ಕೊಲ್ಲಿಯಲ್ಲಿ 2023ರ ಜೂನ್ ಹೊತ್ತಿಗೆ, ತೆರವಿನ ಗಡುವು ಮೀರಿದ 2,700ಕ್ಕೂ ಹೆಚ್ಚು ಬಾವಿಗಳೂ 500ಕ್ಕೂ ಹೆಚ್ಚು ಅಟ್ಟಣೆಗಳೂ ಹಾಗೆಯೇ ಉಳಿದಿದ್ದವೆಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಹೇಳಿದೆ. ದೊಡ್ಡ ಕಂಪನಿ ಮುದಿ ಅಟ್ಟಣೆಯನ್ನು ಚಿಕ್ಕ ಕಂಪನಿಗೆ ಮಾರುತ್ತದೆ. ಚಿಕ್ಕದು ದಿವಾಳಿಯಾದರೆ ಹೊಣೆ ಕಡಲ ಪಾಲು. 'ಭೂಶಾಖಕ್ಕಾಗಿ ಉಳಿಸಿಕೊಂಡಿದ್ದೇವೆ' ಎಂಬ ಫಲಕ ಆ ಮುಂದೂಡಿಕೆಗೆ ಗೌರವದ ಹೊದಿಕೆಯಾಗಬಲ್ಲದು. ಎಲ್ಲರೂ ಹೀಗೆ ಮಾಡುತ್ತಾರೆಂದು ನಾನು ಹೇಳುತ್ತಿಲ್ಲ. ಮಾಡಲು ಬಾಗಿಲು ತೆರೆದಿರಬಾರದು ಎನ್ನುತ್ತಿದ್ದೇನೆ.

ಉಳಿಸಿಕೊಳ್ಳುವ ಪ್ರತಿಯೊಂದು ಯೋಚನೆಯೂ ಮೋಸವಲ್ಲ. ಕಡಲ ತಳದ ಉಕ್ಕಿನ ಕಾಲುಗಳಿಗೆ ಚಿಪ್ಪುಜೀವಿಗಳು ಅಂಟಿ, ಮೀನು ಸೇರುತ್ತವೆ. ಬ್ರೆಂಟ್ ಸ್ಪಾರ್ ಮೇಲೆಯೇ ಶೀತಜಲದ ಹವಳ ಬೆಳೆದಿತ್ತು. ಮೆಕ್ಸಿಕೊ ಕೊಲ್ಲಿಯಲ್ಲಿ ಐನೂರಕ್ಕೂ ಹೆಚ್ಚು ಅಟ್ಟಣೆಗಳ ಬುಡಗಳನ್ನು, ಬಾವಿ ಮುಚ್ಚಿದ ಮೇಲೆ, ಮೀನಿನ ದಿಬ್ಬಗಳಾಗಿ ಬಿಟ್ಟಿದ್ದಾರೆ. ಸ್ಕಾಟ್‌ಲ್ಯಾಂಡಿನ ಬಿಯಾಟ್ರಿಸ್ ತೈಲಕ್ಷೇತ್ರದ ಕಥೆ ಇನ್ನೂ ಬೋಧಪ್ರದ. ಅಲ್ಲಿನ ಅಟ್ಟಣೆಯ ಬಳಿ 2006-07ರಲ್ಲಿ ತಲಾ 5 ಮೆಗಾವ್ಯಾಟಿನ ಎರಡು ಗಾಳಿಯಂತ್ರಗಳನ್ನು ಪ್ರಯೋಗಕ್ಕಾಗಿ ನೆಟ್ಟರು. ತೈಲ 2015ರಲ್ಲಿ ನಿಂತಿತು. 2019ರಲ್ಲಿ ಅದೇ ಕೊಲ್ಲಿಯಲ್ಲಿ 84 ಯಂತ್ರಗಳ, 588 ಮೆಗಾವ್ಯಾಟಿನ ಗಾಳಿ ಸ್ಥಾವರ ಅಧಿಕೃತವಾಗಿ ಉದ್ಘಾಟನೆಗೊಂಡಿತು. ತೈಲ ಅಟ್ಟಣೆಯಂತೆಯೇ ಉಕ್ಕಿನ ಚೌಕಟ್ಟಿನ ಕಾಲುಗಳ ಮೇಲೆ ನಿಂತ ಯಂತ್ರಗಳವು. ಅಲ್ಲಿ ಮರುಬಳಕೆಯಾದದ್ದು ತುಕ್ಕು ಹಿಡಿದ ಅಟ್ಟಣೆಯಲ್ಲ. ಆ ಕಡಲನ್ನು ಬಲ್ಲ ಜನರ ಕಸುಬು, ಚೌಕಟ್ಟು ಕಟ್ಟುವ ಜಾಣ್ಮೆ. ನಿಜವಾದ ಆಸ್ತಿ ಅದು. ಅಲ್ಲಿನ ಒಂದೇ ಯಂತ್ರದ ಸಾಮರ್ಥ್ಯ 7 ಮೆಗಾವ್ಯಾಟ್. ಗಾಳಿ ಇಲ್ಲದ ಹೊತ್ತನ್ನು ಕಳೆದರೂ, ಹತ್ತು ಬಾವಿಗಳ ಅಟ್ಟಣೆಗಿಂತ ಅದರ ವರ್ಷದ ಫಲ ಹೆಚ್ಚು.

ನಮ್ಮ ಕಡಲು, ನಮ್ಮ ಗುಡ್ಡ

ಮುಂಬೈ ತೀರದಿಂದ ಸುಮಾರು 160 ಕಿಲೋಮೀಟರ್ ಆಚೆಯ ಮುಂಬೈ ಹೈ ಕ್ಷೇತ್ರದಲ್ಲಿ 1974ರಲ್ಲಿ ತೈಲ ದೊರೆಯಿತು, 1976ರಲ್ಲಿ ಉತ್ಪಾದನೆ ಆರಂಭವಾಯಿತು. ಅಂದರೆ ಅದು ಬ್ರೆಂಟಿನ ಓರಗೆಯದೇ. ಅಲ್ಲಿನ ಅಟ್ಟಣೆಗಳಿಗೂ ತೆರವಿನ ದಿನ ಬರುತ್ತದೆ. ಗುಜರಾತಿನಾಚೆಯ ತಾಪ್ತಿ ಕ್ಷೇತ್ರದ ಅಟ್ಟಣೆಗಳ ತೆರವಿನೊಂದಿಗೆ ಈ ಬಗೆಯ ಕೆಲಸ ನಮ್ಮ ದೇಶದಲ್ಲಿ ಆರಂಭವಾಗಿದೆ. ತೆರವಿಗಾಗಿ ಹಣ ತೆಗೆದಿಡುವ ನಿಧಿ ಯೋಜನೆ 1999ರಿಂದಲೇ ಇದೆ. ಕೇಂದ್ರ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ರಾಷ್ಟ್ರೀಯ ಭೂಶಾಖ ನೀತಿಯಲ್ಲಿ, ಕೈಬಿಟ್ಟ ತೈಲಬಾವಿಗಳನ್ನು ಶಾಖಕ್ಕಾಗಿ ಮಾರ್ಪಡಿಸುವ ಮಾತೂ ಇದೆ. ಆದುದರಿಂದ ವಿದ್ಯಾರ್ಥಿನಿಯ ಪ್ರಶ್ನೆ ದೂರದೇಶದ್ದಲ್ಲ. ಒಂದು ಮಾತು ನೆನಪಿರಲಿ: ವಿದ್ಯುತ್ ಹುಟ್ಟುವುದು ಬಿಸಿ ಮತ್ತು ತಂಪಿನ ನಡುವಿನ ಅಂತರದಿಂದ. 100 ಡಿಗ್ರಿಯ ನೀರನ್ನು ಉತ್ತರ ಸಮುದ್ರದ 10 ಡಿಗ್ರಿಯ ನೀರಿನಿಂದ ತಣಿಸಿದರೆ ಸಿದ್ಧಾಂತದ ಗರಿಷ್ಠ ಮಿತಿ ಶೇಕಡ 24. ಅರಬ್ಬೀ ಸಮುದ್ರದ 28 ಡಿಗ್ರಿಯ ನೀರಿನಿಂದ ತಣಿಸಿದರೆ ಶೇಕಡ 19. ವ್ಯವಹಾರದಲ್ಲಿ ಸಿಗುವುದು ಅದರ ಅರ್ಧ. ಅಲ್ಲಿ ಕಷ್ಟದಲ್ಲಿ ಕೂಡುವ ಲೆಕ್ಕ ಇಲ್ಲಿ ಇನ್ನೂ ಕಷ್ಟ. ನಮ್ಮಲ್ಲಿ ಭೂಶಾಖಕ್ಕೆ ಯೋಗ್ಯ ನೆಲೆಗಳು ಲಡಾಖಿನ ಪೂಗಾ, ಹಿಮಾಚಲದ ಮಣಿಕರಣ್, ಛತ್ತೀಸಗಢದ ತತ್ತಾಪಾನಿಗಳಂಥವು. ಮಲೆನಾಡಿನ ಬುಡದಲ್ಲಿರುವುದು ಬಹಳ ಹಳೆಯ, ತಣಿದ ಬಂಡೆ. ಪುತ್ತೂರು ತಾಲ್ಲೂಕಿನ ಬೆಂದ್ರ್‌ತೀರ್ಥದ ಹೆಸರೂ ಮೀಯುವಷ್ಟು ಬೆಚ್ಚನೆಯ ನೀರಿನದು, ಟರ್ಬೈನಿನದಲ್ಲ.

ಆದರೂ ಈ ಪ್ರಶ್ನೆ ಗುಡ್ಡದವರಿಗೆ ಏಕೆ ಮುಖ್ಯ? ನಾವೂ ಒಂದು ಮುದಿ ಅಟ್ಟಣೆಯ ನೆರೆಯವರು. ಕುದುರೆಮುಖದ ಕಬ್ಬಿಣದ ಗಣಿ ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಗೆ ನಿಂತಿತು. ಹೋರಾಟ ಗೆದ್ದಿತೆಂದು ನಾವು ಸಂಭ್ರಮಿಸಿದೆವು. ಸಂಭ್ರಮಕ್ಕೆ ಕಾರಣವೂ ಇತ್ತು. ಆದರೆ ಗಣಿಯ ಹೂಳನ್ನು ತಡೆದು ನಿಲ್ಲಿಸಿದ ಲಕ್ಯಾ ಅಣೆಕಟ್ಟು ಅಲ್ಲಿಯೇ ಇದೆ, ಹೂಳೂ ಅಲ್ಲಿಯೇ ಇದೆ, ಪ್ರತಿ ಮಳೆಗಾಲವೂ ಅದರ ಮೇಲೆಯೇ ಸುರಿಯುತ್ತದೆ. ಅಂದಿನಿಂದ ಆ ಊರಿನ ಕಟ್ಟಡಗಳನ್ನು, ರಸ್ತೆಗಳನ್ನು ಪ್ರವಾಸೋದ್ಯಮಕ್ಕೆ ಬಳಸಬೇಕೆಂಬ ಮಾತು ಮತ್ತೆ ಮತ್ತೆ ಕೇಳಿಬಂದಿದೆ. 'ಇರುವುದನ್ನು ಹಾಳುಬಿಡುವುದೇಕೆ?' ಎಂಬ ಪ್ರಶ್ನೆ ಕೇಳಲು ಎಷ್ಟು ಸಹಜ! ಆದರೆ ಆ ಪ್ರಶ್ನೆಯ ನೆರಳಲ್ಲಿ 'ಇದನ್ನು ಮೊದಲಿನಂತೆ ಮಾಡಿಕೊಡುವವರು ಯಾರು?' ಎಂಬ ಪ್ರಶ್ನೆ ಸದ್ದಿಲ್ಲದೆ ಮರೆಯಾಗುತ್ತದೆ. ಶರಾವತಿ ಕಣಿವೆಯಲ್ಲಿಯೂ ನಾವು ಕೇಳಿದ್ದು ಇಂಥದೇ ಮಾತು: ತಳಕಳಲೆ, ಗೇರುಸೊಪ್ಪೆ ಜಲಾಶಯಗಳು ಇದ್ದೇ ಇವೆ, ಅವನ್ನೇ ಬಳಸಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಮಾಡುತ್ತೇವೆ ಎಂದು. ಜಲಾಶಯಗಳು ಇವೆ, ನಿಜ. ಅವುಗಳ ನಡುವಿನ ಸಿಂಗಳೀಕದ ಕಾಡೂ ಇದೆ.

ಕೇಳಬೇಕಾದ ನಾಲ್ಕು ಮಾತು

ಆದುದರಿಂದ ಮರುಬಳಕೆ ಎಂಬ ಮಾತು ಕಡಲಿನಿಂದ ಬರಲಿ, ಗುಡ್ಡದಿಂದ ಬರಲಿ, ನಾವು ನಾಲ್ಕು ಮಾತು ಕೇಳುವ ರೂಢಿ ಮಾಡಿಕೊಳ್ಳಬೇಕು.

ಒಂದು, ಎಷ್ಟು? ಪಂಪು, ದುರಸ್ತಿ, ಸಾಗಣೆಗಳನ್ನು ಕಳೆದು ಕೊನೆಗೆ ಉಳಿಯುವ ಶಕ್ತಿಯ ಅಂಕಿಯನ್ನು ಜನರ ಮುಂದಿಡಬೇಕು. ಎರಡು, ತೆರವಿನ ಹಣ ಎಲ್ಲಿದೆ? ಅದು ಕಂಪನಿಯ ಭರವಸೆಯಲ್ಲಿರಬಾರದು. ಬೇರೊಂದು ಖಾತೆಯಲ್ಲಿ ಪೂರ್ತಿ ಜಮೆಯಾದ ಮೇಲೆಯೇ ಮರುಬಳಕೆಗೆ ಒಪ್ಪಿಗೆ. ಮೂರು, ಎಷ್ಟು ವರ್ಷ? ಕೊನೆಯ ದಿನಾಂಕವಿಲ್ಲದ ಮರುಬಳಕೆ ಕೈಬಿಡುವಿಕೆಯ ಇನ್ನೊಂದು ಹೆಸರು. ಒಡೆತನ ಎಷ್ಟು ಕೈ ದಾಟಿದರೂ ಮೊದಲು ಕಟ್ಟಿದವನ ಹೊಣೆ ದಾಟಿ ಹೋಗಬಾರದು. ನಾಲ್ಕು, ಯಾರಿಗೆ? ಶಾಖವೋ ವಿದ್ಯುತ್ತೋ, ಅಪಾಯದ ಪಕ್ಕದಲ್ಲಿರುವ ಮೀನುಗಾರನಿಗೆ, ಹಳ್ಳಿಯವನಿಗೆ ಅದರಲ್ಲಿ ಪಾಲಿದೆಯೇ?

ಈ ನಾಲ್ಕಕ್ಕೂ ಸರಿಯಾದ ಉತ್ತರ ಕೊಡುವ ಹಳೆಯ ಬಾವಿ ಒಂದಿದ್ದರೆ ಅದರ ಶಾಖವನ್ನು ಧಾರಾಳವಾಗಿ ಬಳಸಲಿ, ನಾನೂ ಸ್ವಾಗತಿಸುತ್ತೇನೆ. ಅಂಥ ಬಾವಿ ಊರ ಬದಿಯ ನೆಲದಲ್ಲಿ ಸಿಗುವ ಸಂಭವ ಹೆಚ್ಚು. ಕಡಲ ನಡುವೆ ಬಹಳ ಕಡಿಮೆ. ನಮ್ಮ ಕಾಡಿನ ಯೋಜನೆಗಳನ್ನು ತಡೆಯುವ ಶಕ್ತಿಯಂತೂ ಆ ಎರಡು ಮೆಗಾವ್ಯಾಟಿಗೆ ಇಲ್ಲ. ಅದನ್ನು ತಡೆಯಬೇಕಾದವರು ನಾವೇ.

ಸುಗ್ಗಿ ಮುಗಿದ ಮೇಲೆ ಮಾಳ ಕಟ್ಟಿದವನೇ ಮಾಳ ಬಿಚ್ಚುತ್ತಾನೆ. ಒಳ್ಳೆಯ ಕಂಬವನ್ನು ಕೊಟ್ಟಿಗೆಗೆ ಬಳಸಿಕೊಳ್ಳುತ್ತಾನೆ, ಗೆದ್ದಲು ಹಿಡಿದದ್ದನ್ನು ಒಲೆಗೆ ಹಾಕುತ್ತಾನೆ. ಅಷ್ಟಕ್ಕೇ ಬಿಡುವುದಿಲ್ಲ; ಕಂಬ ಊರಿದ ಗುಂಡಿಗಳನ್ನೂ ಮಣ್ಣು ತುಂಬಿ ಮುಚ್ಚುತ್ತಾನೆ. ಮುಚ್ಚದಿದ್ದರೆ ಮುಂದಿನ ವರ್ಷ ಹೂಡಲು ಇಳಿದ ಎತ್ತಿನ ಕಾಲು ಮುರಿಯುತ್ತದೆ.